ಹೆಬ್ಬೆಟ್ಟಿನ ಗುರುತೂ ದಫ್ತರದ ಕಾವಲೂ

2025ನೆಯ ಇಸವಿ ನವಂಬರ್ ತಿಂಗಳ ಮಧ್ಯದಲ್ಲಿ ಭಾರತ ಸರ್ಕಾರದವರು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ನಿಯಮಗಳನ್ನು ಪ್ರಕಟಪಡಿಸಿದ ಸಂಗತಿಯು ನಮ್ಮ ವಾಚಕರಿಗೆ ವಿದಿತವಾಗಿಯೇ ಇದೆ. 2023ನೆಯ ಇಸವಿ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆದ ಅದೇ ಹೆಸರಿನ ಶಾಸನವು ಎರಡು ವರ್ಷಗಳಿಗೂ ಮೀರಿ ಕಾಗದದ ಮೇಲೆಯೇ ಮಲಗಿದ್ದು, ಈ ನಿಯಮಗಳಿಂದ ಅದಕ್ಕೆ ಜೀವ ಬಂದಂತಾಯಿತು. ಜನರ ಹೆಸರು, ವಿಳಾಸ, ಬೆರಳಚ್ಚು, ಹಣಕಾಸಿನ ವಿವರ ಮೊದಲಾದುವನ್ನು ಗಣಕಯಂತ್ರಗಳಲ್ಲಿ ಇಟ್ಟುಕೊಂಡಿರತಕ್ಕ ಸಂಸ್ಥೆಗಳು ಅವನ್ನು ಯುಕ್ತವಾದ ಭದ್ರತೆಯಿಂದ ಕಾಪಾಡತಕ್ಕದ್ದೆಂದೂ, ತಪ್ಪಿದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡಕ್ಕೆ ಗುರಿಯಾಗಬೇಕಾಗುವುದೆಂದೂ ಈ ಶಾಸನವು ವಿಧಿಸುತ್ತದೆ. ಇದರ ಮುಖ್ಯವಾದ ಕಟ್ಟಳೆಗಳು ನಿಯಮಗಳು ಪ್ರಕಟವಾದ 18 ತಿಂಗಳ ತರುವಾಯ, ಎಂದರೆ 2027ನೆಯ ಇಸವಿ ಮೇ ತಿಂಗಳಿನಲ್ಲಿ, ಜಾರಿಗೆ ಬರುವಂತೆ ಗೊತ್ತುಮಾಡಲ್ಪಟ್ಟಿದೆ.

ಈ ವರ್ತಮಾನವನ್ನು ಓದಿದ ನಮ್ಮ ಸೀಮೆಯ ಮಹನೀಯರಲ್ಲಿ ಹಲವರು, ಇದು ಬೆಂಗಳೂರಿನ ದೊಡ್ಡ ಕಂಪೆನಿಗಳಿಗೂ ಅವುಗಳ ವಕೀಲರಿಗೂ ಸಂಬಂಧಪಟ್ಟ ವಿಷಯವೆಂದು ಭಾವಿಸಿ ಪುಟವನ್ನು ತಿರುವಿರಬಹುದು. ನಮ್ಮ ಅಭಿಪ್ರಾಯವು ಹಾಗಿಲ್ಲ. ಅರಸೀಕೆರೆಯ ತೆಂಗಿನ ತೋಟದ ಯಜಮಾನನ ಪಹಣಿಯೂ, ಬೇಲೂರಿನ ಕಾಫಿ ತೋಟದ ಕ್ರಯಪತ್ರವೂ, ಹಳೇಬೀಡು ಹೋಬಳಿಯ ಅನಾಥ ವಿಧವೆಯ ಮಾಸಾಶನದ ಖಾತೆಯೂ ಈಗ ಇರುವುದು ಕಬ್ಬಿಣದ ಪೆಟ್ಟಿಗೆಯಲ್ಲಲ್ಲ, ಯಂತ್ರದ ದಫ್ತರದಲ್ಲಿ. ದಫ್ತರವು ಬದಲಾಯಿತು, ಆದರೆ ಅದನ್ನು ಕಾಯುವ ವಿದ್ಯೆಯನ್ನು ನಮ್ಮಲ್ಲಿ ಕಲಿತವರು ಎಷ್ಟು ಮಂದಿ? ಈ ಪ್ರಶ್ನೆಯೇ ಇಂದಿನ ನಮ್ಮ ಲೇಖನದ ವಿಷಯವು.

ಹಿಂದಿನ ಏರ್ಪಾಡನ್ನು ಹಿರಿಯರು ಬಲ್ಲರು. ಗ್ರಾಮದ ಲೆಕ್ಕವು ಶಾನುಭೋಗನ ವಶದಲ್ಲಿತ್ತು. ವಂಶಪಾರಂಪರ್ಯದ ಆ ಉದ್ಯೋಗವು 1961ನೆಯ ಇಸವಿಯ ಶಾಸನದಿಂದ ರದ್ದಾದ ಮೇಲೆ ಗ್ರಾಮಲೆಕ್ಕಿಗರು ಬಂದರು. ಆ ಪದ್ಧತಿಯಲ್ಲಿ ದೋಷಗಳಿದ್ದುವು. ಲಂಚವಿತ್ತು, ಕೈಬರಹದ ತಿದ್ದುಪಾಟುಗಳಿದ್ದುವು, ಬಡ ರೈತನು ಒಂದು ಪಹಣಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾಗಿತ್ತು. ಆದರೂ ದಫ್ತರ ಯಾರ ಕೈಯಲ್ಲಿದೆ, ಬೀಗದ ಕೈ ಯಾರ ಉಡಿದಾರದಲ್ಲಿದೆ, ನಿನ್ನೆ ಅದನ್ನು ತೆರೆದವರು ಯಾರು ಎಂಬುದನ್ನು ಇಡೀ ಊರು ಬಲ್ಲುದಾಗಿತ್ತು. ಕಳ್ಳನಾದರೂ ಆ ಊರಿಗೇ ಬರಬೇಕಾಗಿತ್ತು.

ತರುವಾಯ ನಮ್ಮ ಸಂಸ್ಥಾನದಲ್ಲಿ ಭೂಮಿ ಯೋಜನೆಯು ಬಂದಿತು. 2002ರ ಸುಮಾರಿಗೆ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಯಂತ್ರಕ್ಕೆ ಏರಿದುವು. ಸುಮಾರು 67 ಲಕ್ಷ ರೈತರ ಹಕ್ಕುದಾರಿಕೆ ಅದರಲ್ಲಡಗಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. 15 ರೂಪಾಯಿ ಕೊಟ್ಟವನಿಗೆ ಗವಾಕ್ಷಿಯಲ್ಲಿಯೇ ಪ್ರತಿಯು ದೊರೆಯುವಂತಾಯಿತು. ದೇಶದ ಇತರ ಪ್ರಾಂತಗಳವರು ಬಂದು ನೋಡಿ ಹೋಗುವಷ್ಟು ಕೀರ್ತಿ ನಮ್ಮದಾಯಿತು. ಈ ಕೀರ್ತಿಯಲ್ಲಿ ಒಂದು ಅಂಶವನ್ನು ಜನರು ಮರೆತಿದ್ದಾರೆ. ಖಾತೆ ಬದಲಾವಣೆ ಮಾಡತಕ್ಕ ನೌಕರನು ತನ್ನ ಬೆರಳಚ್ಚನ್ನು ಕೊಟ್ಟ ಹೊರತು ಯಂತ್ರವು ತೆರೆಯಕೂಡದೆಂಬ ಏರ್ಪಾಡನ್ನು ಆರಂಭದಲ್ಲಿಯೇ ಮಾಡಿದ್ದರು. ಮೊದಲು ಬಂದ ಅರ್ಜಿಯು ಮೊದಲೇ ತೀರಬೇಕೆಂಬ ಕಟ್ಟೂ ಇತ್ತು. ಎಂದರೆ ದಫ್ತರದೊಂದಿಗೆ ಕಾವಲನ್ನೂ ಕುರಿತು ಆಲೋಚಿಸಿದ ಅಧಿಕಾರಿಗಳು ನಮ್ಮಲ್ಲಿದ್ದರು. ಆ ಎಚ್ಚರವು ಮುಂದೆ ಎಲ್ಲಾ ಇಲಾಖೆಗಳಲ್ಲಿಯೂ ಉಳಿಯಿತೆಂದು ಹೇಳುವಂತಿಲ್ಲ.

2023ನೆಯ ಇಸವಿಯ ಪ್ರಕರಣವೇ ಇದಕ್ಕೆ ಸಾಕ್ಷಿ. ಆ ವರ್ಷ ರಿಜಿಸ್ಟ್ರಿ ಇಲಾಖೆಯವರು ಕಾವೇರಿ 2.0 ಎಂಬ ಹೊಸ ತಂತ್ರಾಂಶವನ್ನು ಆಚರಣೆಗೆ ತಂದರು. ಅದೇ ವರ್ಷದ ಮಳೆಗಾಲ ಕಳೆಯುವ ವೇಳೆಗೆ ಬೆಂಗಳೂರು, ಮಂಗಳೂರು ಮೊದಲಾದ ಕಡೆಗಳಲ್ಲಿ ಒಂದು ವಿಚಿತ್ರವಾದ ದೂರು ಕೇಳಿಬರತೊಡಗಿತು. ಜಮೀನು ಅಥವಾ ಮನೆಯ ಪತ್ರವನ್ನು ಈಚೆಗೆ ರಿಜಿಸ್ಟರು ಮಾಡಿಸಿದವರ ಬ್ಯಾಂಕು ಖಾತೆಗಳಿಂದ ಅವರಿಗರಿಯದಂತೆ ಹಣವು ಹೋಗುತ್ತಿದ್ದಿತು. ಅವರು ಯಾರಿಗೂ ಗುಪ್ತಸಂಖ್ಯೆಯನ್ನು ಹೇಳಿರಲಿಲ್ಲ. ಯಾವ ಕೊಂಡಿಯನ್ನೂ ಒತ್ತಿರಲಿಲ್ಲ. ಅಕ್ಟೋಬರ್ ತಿಂಗಳಿನಲ್ಲಿ ಪೊಲೀಸಿನವರು ಬಿಹಾರದ ಕೆಲವರನ್ನು ಹಿಡಿದು ವಿಚಾರಿಸಿದಾಗ ಒಳಗುಟ್ಟು ಹೊರಬಿದ್ದಿತು. ರಿಜಿಸ್ಟರಾದ ಪತ್ರಗಳ ಪ್ರತಿಗಳನ್ನು ಇಲಾಖೆಯ ಜಾಲತಾಣದಿಂದಲೇ ಇಳಿಸಿಕೊಂಡು, ಅವುಗಳಲ್ಲಿದ್ದ ಆಧಾರ್ ಸಂಖ್ಯೆಯನ್ನು ಓದಿ, ಹೆಬ್ಬೆಟ್ಟಿನ ಗುರುತಿನಿಂದ ಕೃತ್ರಿಮವಾದ ಅಚ್ಚನ್ನು ತಯಾರಿಸಿ, ಆಧಾರ್ ಮೂಲಕ ಹಣ ಪಡೆಯುವ ಚಿಕ್ಕ ಯಂತ್ರಗಳ ಮೇಲೆ ಅದನ್ನು ಒತ್ತಿ ಹಣವನ್ನು ಎಳೆಯುತ್ತಿದ್ದರೆಂದು ಪೊಲೀಸರು ತಿಳಿಯಪಡಿಸಿದರು. ಇದಾದ ಮೇಲೆ ಇಲಾಖೆಯವರು ಪ್ರತಿಗಳಲ್ಲಿ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ಮರೆಮಾಡುವ ಕ್ರಮಕ್ಕೆ ಕೈಹಾಕಿದರು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ಯಾರಿಗಾದರೂ ನೆನಪಾಗದಿರದು.

ಇಲ್ಲಿಯ ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ಹೆಬ್ಬೆಟ್ಟಿನ ಗುರುತು ಪತ್ರಕ್ಕೆ ಬಂದುದೇ ಮೋಸವನ್ನು ತಡೆಯುವುದಕ್ಕೋಸ್ಕರ. ಬಂಗಾಳದ ಹೂಗ್ಲಿಯಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು 1877ರಲ್ಲಿ ಪಿಂಚಣಿ ಹಂಚುವುದಕ್ಕೂ ಪತ್ರಗಳ ರಿಜಿಸ್ಟ್ರಿಗೂ ಬೆರಳಚ್ಚನ್ನು ತೆಗೆದುಕೊಳ್ಳುವ ಪದ್ಧತಿಯನ್ನು ಹಾಕಿದನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯು ಸ್ಥಾಪಿತವಾಯಿತು. ಹೆನ್ರಿ ಎಂಬ ಆಂಗ್ಲ ಅಧಿಕಾರಿಯ ಹೆಸರಿನಲ್ಲಿ ಲೋಕದಲ್ಲೆಲ್ಲಾ ಪ್ರಚಾರವಾದ ವರ್ಗೀಕರಣದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಸಬ್‌ಇನ್ಸ್‌ಪೆಕ್ಟರುಗಳ ಬುದ್ಧಿ ಇದ್ದಿತು. 1908ರ ರಿಜಿಸ್ಟ್ರೇಷನ್ ಆಕ್ಟಿಗೆ 2001ರಲ್ಲಿ 32-ಎ ಎಂಬ ಕಲಮನ್ನು ಸೇರಿಸಿ, ಪತ್ರವನ್ನು ಹಾಜರುಪಡಿಸುವವರ ಭಾವಚಿತ್ರವನ್ನೂ ಬೆರಳಚ್ಚನ್ನೂ ಕಡ್ಡಾಯ ಮಾಡಿದರು. ಇಷ್ಟು ಕಾಲದ ಅನುಭವದಿಂದ ಕಟ್ಟಿದ ಬೇಲಿಯೇ ಎದ್ದು ಹೊಲವನ್ನು ಮೇಯುವಂತಾದುದು ಹೇಗೆ?

ಕಾನೂನು ಬದಲಾಗಲಿಲ್ಲ, ಸುತ್ತಲಿನ ಸನ್ನಿವೇಶವು ಬದಲಾಯಿತು. ಸ್ಥಿರಾಸ್ತಿಯ ಪತ್ರಗಳನ್ನು ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದೆಂಬುದು ರಿಜಿಸ್ಟ್ರಿ ಕಾನೂನಿನ ಹಳೆಯ ತತ್ತ್ವ, ಒಳ್ಳೆಯ ತತ್ತ್ವ. ಕೊಳ್ಳುವವನು ಮಾರುವವನ ಹಕ್ಕನ್ನು ಪರೀಕ್ಷಿಸದೆ ಕೊಳ್ಳಲಾದೀತೆ? ಆದರೆ ಆ ತತ್ತ್ವವನ್ನು ಬರೆದ ಕಾಲದಲ್ಲಿ ನೋಡುವವನು ಸಬ್‌ರಿಜಿಸ್ಟ್ರಾರರ ಮೇಜಿನ ಮುಂದೆ ನಿಲ್ಲಬೇಕಾಗಿತ್ತು. ಗುಮಾಸ್ತನ ಕಣ್ಣು ಅವನ ಮೇಲಿತ್ತು. ಬೆರಳಚ್ಚಿನಿಂದ ಬ್ಯಾಂಕಿನ ಹಣ ಬರುತ್ತಿರಲಿಲ್ಲ. ಈಗ ಪತ್ರವು ಸಾವಿರ ಮೈಲಿಯ ಆಚೆಯಲ್ಲಿ ಕುಳಿತವನಿಗೆ ಕಾಣುತ್ತದೆ. ಅದೇ ಬೆರಳಚ್ಚು ಹಣದ ಪೆಟ್ಟಿಗೆಯ ಕೀಲಿಯೂ ಆಗಿದೆ. ಒಂದು ಇಲಾಖೆಯು ಗುರುತಿಗಾಗಿ ತೆಗೆದುಕೊಂಡ ವಸ್ತುವನ್ನು ಇನ್ನೊಂದು ಇಲಾಖೆಯು ಬೀಗದ ಕೈಯಾಗಿ ಮಾಡಿತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ವಿದ್ಯಾವಂತನು ನಡುವೆ ಯಾರೂ ಇರಲಿಲ್ಲ. ಬೀಗವು ಕೆಟ್ಟರೆ ಹೊಸ ಬೀಗ ತರಬಹುದು. ಗುಪ್ತಸಂಖ್ಯೆ ಹೊರಬಿದ್ದರೆ ಬದಲಿಸಬಹುದು. ದೇವರು ಕೊಟ್ಟ ಹೆಬ್ಬೆಟ್ಟನ್ನು ಬದಲಿಸುವುದೆಂತು? 2023ಕ್ಕೆ ಮುಂಚೆ ಹೊರಗೆ ಹೋದ ಪ್ರತಿಗಳು ಹೋದುವೇ. ಮರೆಮಾಡಿದ ಮಾತ್ರಕ್ಕೆ ಅವು ಹಿಂದಿರುಗಿ ಬರಲಾರವು.

ಮಾಹಿತಿ ಭದ್ರತೆ ಎಂಬ ಶಾಸ್ತ್ರವು ಮೂರು ಗುಣಗಳನ್ನು ಕಾಪಾಡಬೇಕೆನ್ನುತ್ತದೆ: ಗೋಪ್ಯವು ಗೋಪ್ಯವಾಗಿರಬೇಕು, ಬರೆದುದು ಅಳಿಸದೆ ತಿದ್ದದೆ ಇರಬೇಕು, ಬೇಕಾದ ಹೊತ್ತಿಗೆ ದೊರೆಯಬೇಕು. ಮೊದಲನೆಯದು ತಪ್ಪಿದರೆ ಏನಾಗುವುದೆಂಬುದನ್ನು ಮೇಲೆ ಹೇಳಿದೆವು. ಎರಡನೆಯದು ತಪ್ಪಿದುದಕ್ಕೆ 2019ರ ನಿದರ್ಶನವಿದೆ. ರಾಜ್ಯ ಸರ್ಕಾರದ ಇ-ಸಂಗ್ರಹಣಾ ಜಾಲತಾಣದಲ್ಲಿ ಗುತ್ತಿಗೆದಾರರು ಇಟ್ಟಿದ್ದ ಠೇವಣಿಯ ಹಣದಲ್ಲಿ ಸುಮಾರು 11 ಕೋಟಿ 50 ಲಕ್ಷ ರೂಪಾಯಿಗಳು ಸಲ್ಲಬೇಕಾದವರಿಗೆ ಸಲ್ಲದೆ ಹೊರ ರಾಜ್ಯದ ಖಾತೆಗಳಿಗೆ ಹರಿದುಹೋದುವೆಂದು ಸಿ.ಐ.ಡಿ.ಯವರಿಗೆ ದೂರು ಹೋಯಿತು. ಮೂರನೆಯದು ತಪ್ಪಿದುದು 2025ರ ಜನವರಿಯಲ್ಲಿ. ಅದೇ ಕಾವೇರಿ ತಂತ್ರಾಂಶದ ಮೇಲೆ ಬನಾವಟು ಖಾತೆಗಳಿಂದ ಸುಳ್ಳು ಕೋರಿಕೆಗಳ ಮಳೆಯನ್ನೇ ಸುರಿಸಿದರು. ಒಮ್ಮೆ ಎರಡು ಗಂಟೆಗಳಲ್ಲಿ 6 ಲಕ್ಷಕ್ಕೂ ಮೀರಿದ ಕೋರಿಕೆಗಳು ಬಂದುವೆಂದು ಕಂದಾಯ ಮಂತ್ರಿಗಳ ಕಡೆಯಿಂದ ತಿಳಿಯಬಂದಿತು. ಕಳ್ಳನು ಏನನ್ನೂ ಒಯ್ಯಲಿಲ್ಲ. ಬಾಗಿಲಿಗೆ ಅಡ್ಡಲಾಗಿ ನಿಂತನು, ಅಷ್ಟೆ. ಆದರೆ ಹಳೇಬೀಡಿನಿಂದ ಮಗಳ ಮದುವೆಯ ಖರ್ಚಿಗೆ ಜಮೀನು ಮಾರಲೆಂದು ಸಾಕ್ಷಿಗಳನ್ನೂ ಕರೆದುಕೊಂಡು ಬೇಲೂರಿಗೆ ಬಂದ ರೈತನಿಗೆ ಈ ಅಡ್ಡಿಯು ಕಳವಿಗಿಂತ ಕಡಮೆಯೆಂದು ಯಾರು ಹೇಳುವರು? "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಕಚೇರಿಗಳಲ್ಲಿ ನಿತ್ಯಮಂತ್ರವಾಗಿರುವುದನ್ನು ನಾವೆಲ್ಲರೂ ಕೇಳಿದ್ದೇವೆ.

ಇನ್ನು ಎರಡನೆಯ ವಿದ್ಯೆಯಾದ ಡಿಜಿಟಲ್ ವಿಧಿವಿಜ್ಞಾನ. ಹೆಸರು ಹೊಸದು, ಮರ್ಮವು ನಮ್ಮ ಸೀಮೆಗೆ ಹಳೆಯದು. ರೈಸ್ ಸಾಹೇಬರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದಾಗ ಬೇಲೂರು, ಹಳೇಬೀಡು, ಅರಸೀಕೆರೆಗಳ ಕಲ್ಲುಗಳು ಲೋಕಕ್ಕೆ ಮಾತಾಡಿದುವು. ಅದೇ ಕಾಲದಲ್ಲಿ ಡಾಕ್ಟರ್ ಫ್ಲೀಟರು ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ಕೂಟಶಾಸನಗಳೆಂದು, ಎಂದರೆ ಹಿಂದಿನವರು ಭೂಮಿಯ ಆಸೆಯಿಂದ ಸೃಷ್ಟಿಸಿದ ಸುಳ್ಳು ದಾಖಲೆಗಳೆಂದು, ಸಾಧಿಸಹೊರಟರು. ಶಾಸನವು ಹೇಳುವ ತಿಥಿಗೂ ವಾರಕ್ಕೂ ಪಂಚಾಂಗದಲ್ಲಿ ಹೊಂದಿಕೆ ಉಂಟೇ? ಅಕ್ಷರದ ವಾಟವು ಆ ಶತಮಾನದ್ದೇ? ಹೀಗೆ ದಾಖಲೆಯನ್ನು ದಾಖಲೆಯಿಂದಲೇ ಪರೀಕ್ಷಿಸುವುದು ಅವರ ಕ್ರಮ. ತಾಮ್ರಪಟಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಿಂದ ಬೆಸೆಯುತ್ತಿದ್ದರು. ಬಳೆಯನ್ನು ಕತ್ತರಿಸದೆ ಒಂದು ಹಲಗೆಯನ್ನು ಸೇರಿಸುವುದಾಗಲಿ ತೆಗೆಯುವುದಾಗಲಿ ಅಸಾಧ್ಯ. ಆದುದರಿಂದ ತಾಮ್ರಪಟವು ಕೈಗೆ ಬಂದಾಗ ಬಳೆಯು ಇಡಿಯಾಗಿದ್ದಿತೇ, ಕತ್ತರಿಸಿದ್ದಿತೇ ಎಂಬುದನ್ನು ಶಾಸನ ಪರಿಶೋಧಕರು ತಪ್ಪದೆ ಬರೆದಿಡುತ್ತಿದ್ದರು.

ಇಂದಿನ ಪರಿಶೋಧಕನೂ ಮಾಡುವುದು ಇದನ್ನೇ. ಮೊಬೈಲು ಅಥವಾ ಗಣಕವನ್ನು ವಶಪಡಿಸಿಕೊಂಡೊಡನೆ ಅದನ್ನು ತೆರೆದು ನೋಡಹೋಗುವುದಿಲ್ಲ. ತೆರೆದರೇ ಒಳಗಿನ ಕಾಲಗಳು ಕದಲುತ್ತವೆ. ಏನೂ ಬರೆಯಲಾಗದಂತೆ ತಡೆಯಿಟ್ಟು, ಇದ್ದದ್ದನ್ನು ಇದ್ದಂತೆಯೇ ನಕಲು ತೆಗೆದು, ಆ ನಕಲಿಗೆ ಹ್ಯಾಶ್ ಎಂಬ ಮುದ್ರೆಯನ್ನು ಲೆಕ್ಕಹಾಕಿ ಬರೆದಿಡುತ್ತಾನೆ. ಕಡತದೊಳಗಿನ ಒಂದೇ ಒಂದು ಅಕ್ಷರವು ಬದಲಾದರೂ ಆ ಮುದ್ರೆಯು ಪೂರ್ತಿಯಾಗಿ ಬೇರೆಯಾಗುತ್ತದೆ. ಯಾರು, ಯಾವ ದಿನ, ಯಾರ ಕೈಯಿಂದ ಪಡೆದು ಯಾರ ಕೈಗೆ ಕೊಟ್ಟರೆಂಬ ಸರಪಣಿಯು ಎಲ್ಲಿಯೂ ತುಂಡಾಗದಂತೆ ನೋಡಿಕೊಳ್ಳುತ್ತಾನೆ. ಬಳೆಯು ಕತ್ತರಿಸಿತ್ತೇ ಎಂಬ ಹಳೆಯ ಪ್ರಶ್ನೆಗೇ ಇದು ಹೊಸ ಉತ್ತರವು.

ಇದು ಪಂಡಿತರ ವಿನೋದವಲ್ಲ. 2024ನೆಯ ಇಸವಿ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಮೂಲ ಯಂತ್ರವನ್ನೇ ಹಾಜರುಪಡಿಸದೆ ಅದರ ಪ್ರತಿಯನ್ನು ಸಾಕ್ಷ್ಯವಾಗಿ ತರುವವರು ಒಂದು ಪ್ರಮಾಣಪತ್ರವನ್ನು ಲಗತ್ತಿಸಬೇಕು. ಅದರಲ್ಲಿ ಹ್ಯಾಶ್ ಮುದ್ರೆಯನ್ನು ನಮೂದಿಸಬೇಕು. ಅದಕ್ಕೆ ಯಂತ್ರದ ಹೊಣೆಗಾರನಲ್ಲದೆ ಪರಿಣತನೊಬ್ಬನೂ ರುಜು ಹಾಕಬೇಕು. ಇಂತಹ ಪ್ರಮಾಣಪತ್ರವಿಲ್ಲದ ಪ್ರತಿಯು ಸಲ್ಲದೆಂದು ಹಳೆಯ ಕಾನೂನಿನ ಕೆಳಗೆ ಸುಪ್ರೀಂ ಕೋರ್ಟಿನವರು 2014ರಲ್ಲಿ ಹೇಳಿ, 2020ರಲ್ಲಿ ಮತ್ತೆ ಸ್ಥಿರಪಡಿಸಿದ್ದರು. ಈಗ ಅರಸೀಕೆರೆಯ ನ್ಯಾಯಾಲಯದಲ್ಲಿ ಕೊಬ್ಬರಿ ವ್ಯಾಪಾರದ ಸಾಲದ ದಾವೆ ಬಂದಿತೆನ್ನೋಣ. ಒಪ್ಪಂದವು ನಡೆದುದು ವಾಟ್ಸಪ್ಪಿನಲ್ಲಿ. ಹಣವು ಸಂದುದು ಫೋನಿನಲ್ಲಿ. ಪ್ರಮಾಣಪತ್ರಕ್ಕೆ ರುಜು ಹಾಕತಕ್ಕ ಪರಿಣತನು ಎಲ್ಲಿ? ಗಂಭೀರ ಅಪರಾಧಗಳ ಮಾತು ಇನ್ನೂ ದೊಡ್ಡದು. ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು ಶಿಕ್ಷೆಯುಳ್ಳ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನದ ಪರಿಣತನು ಬರಲೇಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮು ವಿಧಿಸಿ, ಇದನ್ನು ಆಚರಣೆಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಗಡುವನ್ನು ಕೊಟ್ಟಿದೆ. ಐದು ವರ್ಷಗಳು ದೀರ್ಘವಾಗಿ ಕಾಣುತ್ತವೆ. ವಿದ್ಯೆ ಕಲಿಸುವ ಲೆಕ್ಕದಲ್ಲಿ ಅವು ಅಲ್ಪವು.

ನಮ್ಮ ಜಿಲ್ಲೆಯೇ ಒಂದು ಕಹಿ ಪಾಠವನ್ನು ಕಲಿತಿದೆ. 2024ರ ಏಪ್ರಿಲ್‌ನಲ್ಲಿ, ಲೋಕಸಭೆಯ ಮತದಾನದ ಮುಂಚೆ, ಹಾಸನದಲ್ಲಿ ಪೆನ್‌ಡ್ರೈವುಗಳನ್ನು ಹಂಚಿದ ಪ್ರಕರಣವನ್ನು ವಾಚಕರು ಮರೆತಿರಲಾರರು. ಒಂದು ಕಡೆ, ಅದರಿಂದ ಹೊರಟ ತನಿಖೆಯಲ್ಲಿ ವಿಶೇಷ ದಳದವರು ಸಂಗ್ರಹಿಸಿದ ಸಾಕ್ಷ್ಯವನ್ನು ಪರಿಶೀಲಿಸಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ 2025ರ ಆಗಸ್ಟ್ ತಿಂಗಳಿನಲ್ಲಿ ಶಿಕ್ಷೆಯನ್ನು ವಿಧಿಸಿತು. ವಿಧಿವಿಜ್ಞಾನವಿಲ್ಲದಿದ್ದರೆ ಇಂತಹ ಮೊಕದ್ದಮೆಯು ಆರೋಪ ಪ್ರತ್ಯಾರೋಪಗಳಲ್ಲಿಯೇ ಮುಗಿಯುತ್ತಿತ್ತು. ಇನ್ನೊಂದು ಕಡೆ, ನೊಂದ ಹೆಣ್ಣುಮಕ್ಕಳ ಮುಖಗಳನ್ನು ಮರೆಮಾಡದೆ ಬೀದಿಗೆ ಚೆಲ್ಲಿದವರು ಅವರನ್ನು ಎರಡನೆಯ ಸಾರಿ ಕೊಂದಂತೆಯೇ ಸರಿ. ಸಾಕ್ಷ್ಯವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸುವುದಕ್ಕೂ ಸಂತೆಯಲ್ಲಿ ಹಂಚುವುದಕ್ಕೂ ಇರುವ ಅಂತರವನ್ನು ಕಲಿಸುವುದೂ ಈ ವಿದ್ಯೆಯ ಭಾಗವೇ.

ಮೂರನೆಯದು ನಿಯಮಪಾಲನೆ. ಕಂದಾಯ ಇಲಾಖೆಯವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಜಮಾಬಂದಿಯನ್ನು ಅವರು ಬಲ್ಲರು. ಮೇಲಧಿಕಾರಿಗಳು ವರ್ಷಕ್ಕೊಮ್ಮೆ ಲೆಕ್ಕಪುಸ್ತಕಗಳನ್ನು ಎದುರಿಗಿಟ್ಟುಕೊಂಡು ತಾಳೆ ನೋಡುವುದು ಹೇಗೋ, ಗಣಕದ ದಫ್ತರವನ್ನೂ ಹಾಗೆಯೇ ತಾಳೆ ನೋಡತಕ್ಕದ್ದು. ನೌಕರಿ ಬಿಟ್ಟುಹೋದವನ ಪ್ರವೇಶವನ್ನು ರದ್ದುಮಾಡಿದೆಯೇ? ಒಬ್ಬರ ಗುಪ್ತಸಂಖ್ಯೆಯಿಂದ ನಾಲ್ವರು ಕೆಲಸ ಮಾಡುತ್ತಿರುವರೇ? ಯಾರು ಯಾವಾಗ ಯಾವ ಕಡತವನ್ನು ತೆರೆದರೆಂಬ ದಿನಚರಿಯು ಉಳಿದಿದೆಯೇ? 2022ರ ಏಪ್ರಿಲ್ 28ರಂದು ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಯವರು ಕೊಟ್ಟ ನಿರ್ದೇಶನದಂತೆ ಈ ದಿನಚರಿಯನ್ನು 180 ದಿನ ಇಟ್ಟಿರಬೇಕು. ಆಕ್ರಮಣವು ತಿಳಿದುಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ಆದರೆ ನಿಯಮವನ್ನು ಪಾಲಿಸಿದ್ದೇವೆಂದು ನಮೂನೆಯನ್ನು ತುಂಬಿ ರುಜು ಹಾಕುವುದೇ ಬೇರೆ, ದಫ್ತರವು ಭದ್ರವಾಗಿರುವುದೇ ಬೇರೆ. ನಮೂನೆಗಳ ಪ್ರವಾಹದಲ್ಲಿ ಕಾವಲು ಕೊಚ್ಚಿಹೋಗಬಾರದು.

ನಾಲ್ಕನೆಯದು ಅಪಾಯದ ನಿರ್ವಹಣೆ. ಅರಸೀಕೆರೆಯ ಕೊಬ್ಬರಿ ಮಂಡಿಯ ವರ್ತಕರಿಗೆ ಇದನ್ನು ಯಾವ ವಿಶ್ವವಿದ್ಯಾನಿಲಯವೂ ಕಲಿಸಬೇಕಾಗಿಲ್ಲ. ಸರಕನ್ನೆಲ್ಲಾ ಒಂದೇ ಗೋದಾಮಿನಲ್ಲಿಡುವುದಿಲ್ಲ. ಬೆಂಕಿಗೆ ವಿಮೆ ಮಾಡಿಸುತ್ತಾರೆ. ಅಪರಿಚಿತನಿಗೆ ಸಾಲ ಕೊಡುವುದಿಲ್ಲ. ಸಣ್ಣ ನಷ್ಟವನ್ನು ಸಹಿಸಿಕೊಳ್ಳುತ್ತಾರೆ. ತಪ್ಪಿಸಿಕೊಳ್ಳುವುದು, ತಗ್ಗಿಸುವುದು, ಹಂಚಿಕೊಳ್ಳುವುದು, ಸಹಿಸುವುದು ಎಂಬ ನಾಲ್ಕು ಉಪಾಯಗಳೇ ಈ ಶಾಸ್ತ್ರದ ಸಾರವು. ಇದನ್ನು ಸರಕಿಗೆ ಅನ್ವಯಿಸುವವರು ಗಣಕಕ್ಕೆ ಅನ್ವಯಿಸುವುದಿಲ್ಲವೆಂಬುದೇ ಶೋಚನೀಯ. ನಾವೂ ಇದಕ್ಕೆ ಹೊರತಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕಾಲಯಕ್ಕೆ ಕಾಗದದ ಬಿಲ್ಲೆಂಬ ವೇಷದಲ್ಲಿ ಒಂದು ಈ-ಮೇಲ್ ಬಂದಿತು. ತೆರೆದೊಡನೆ ಚಂದಾದಾರರ ಪಟ್ಟಿಯೂ ಲೆಕ್ಕಗಳೂ ಬೀಗ ಬಿದ್ದಂತಾಗಿ, ಬಿಡುಗಡೆಗೆ ಹಣ ಕೇಳುವ ಬೆದರಿಕೆಯು ಪರದೆಯ ಮೇಲೆ ಮೂಡಿತು. ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬೇಕೆಂಬ ಅರಿವು ನಮಗಿರಲಿಲ್ಲ. ನಮ್ಮ ಮುದಿ ಗುಮಾಸ್ತರು ಹಠದಿಂದ ಬರೆದುಕೊಂಡು ಬಂದಿದ್ದ ಕೆಂಪು ಬಟ್ಟೆಯ ಖಿರ್ದಿ ಪುಸ್ತಕವು ಆ ದಿನ ನಮ್ಮನ್ನು ಉಳಿಸಿತು. ಅವರ ಹಠವನ್ನು ಅದುವರೆಗೆ ಹಳೆಯ ಕಾಲದ ಹುಚ್ಚೆಂದು ನಗುತ್ತಿದ್ದವರು ನಾವೇ.

ರಾಜ್ಯದಲ್ಲಿ ಏನೂ ನಡೆದಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಸೈಬರ್ ಅಪರಾಧಗಳಿಗೆಂದೇ ಒಂದು ಪೊಲೀಸ್ ಠಾಣೆಯನ್ನು 2001ರಲ್ಲಿಯೇ ಬೆಂಗಳೂರಿನಲ್ಲಿ ತೆರೆದು ದೇಶಕ್ಕೆ ದಾರಿ ತೋರಿಸಿದುದು ನಮ್ಮ ರಾಜ್ಯ. ಭಾರತೀಯ ವಿಜ್ಞಾನ ಮಂದಿರದ ಆಶ್ರಯದಲ್ಲಿ ಸೈಸೆಕ್ ಎಂಬ ಕೇಂದ್ರವು ನಡೆಯುತ್ತಿದೆ, ಸಿ.ಐ.ಡಿ. ಕಚೇರಿಯಲ್ಲಿ ಪೊಲೀಸರಿಗೆ ತರಬೇತಿ ಕೊಡುವ ಕೇಂದ್ರವಿದೆ; ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾನಿಲಯದ ಧಾರವಾಡದ ಶಾಖೆಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು; 2024ರ ಆಗಸ್ಟ್‌ನಲ್ಲಿ ರಾಜ್ಯದ ಸೈಬರ್ ಭದ್ರತಾ ನೀತಿಯು ಹೊರಬಂದಿತು. ಆದರೆ ರೋಗದ ವೇಗವನ್ನೂ ನೋಡಬೇಕಷ್ಟೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದವರ ಲೆಕ್ಕದಂತೆ ದೇಶದಲ್ಲಿ 2022ರಲ್ಲಿ 65,893 ಇದ್ದ ಸೈಬರ್ ಪ್ರಕರಣಗಳು 2023ರಲ್ಲಿ 86,420 ಆದುವು. ನಮ್ಮ ರಾಜ್ಯದಲ್ಲಿ 12,556 ಇದ್ದುವು 21,889ಕ್ಕೆ ಏರಿ, ಆ ವರ್ಷ ರಾಜ್ಯಗಳಲ್ಲಿ ಮೊದಲನೆಯ ಸ್ಥಾನವು ನಮಗೆ ಬಂದಿತು. ದೂರುಗಳನ್ನು ಬರೆದುಕೊಳ್ಳುವುದರಲ್ಲಿ ನಮ್ಮವರು ಪ್ರಾಮಾಣಿಕರಾಗಿರುವುದೂ ಈ ಏರಿಕೆಗೆ ಒಂದು ಕಾರಣವಿರಬಹುದು. ಅಷ್ಟರಿಂದ ಸಮಾಧಾನ ಪಡತಕ್ಕ ಸಂಖ್ಯೆಯಂತೂ ಇದಲ್ಲ. ಮೇಲೆ ಹೇಳಿದ ಸಂಸ್ಥೆಗಳು ಬಹುಮಟ್ಟಿಗೆ ರಾಜಧಾನಿಯಲ್ಲಿವೆ, ದೋಚಲ್ಪಡುವವನು ಹೋಬಳಿಯಲ್ಲಿದ್ದಾನೆ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಒಂದನೆಯದಾಗಿ, ಇದು ಇಂಜಿನಿಯರುಗಳ ವಿದ್ಯೆ, ತಾಲ್ಲೂಕಿನ ಗುಮಾಸ್ತನಿಗೂ ಸಹಕಾರ ಸಂಘದ ಕಾರ್ಯದರ್ಶಿಗೂ ಏತಕ್ಕೆಂದು ಕೆಲವರು ಕೇಳುವರು. ಔಷಧವನ್ನು ಕಂಡುಹಿಡಿಯುವುದು ವೈದ್ಯವಿಜ್ಞಾನಿಯ ಕೆಲಸ. ಕೈ ತೊಳೆದು ಗಾಯವನ್ನು ಮುಟ್ಟಬೇಕೆಂಬುದು ಪ್ರತಿಯೊಬ್ಬ ದಾದಿಯೂ ಕಲಿಯಬೇಕಾದುದು. ಮೇಲೆ ಹೇಳಿದ ಮೋಸಗಳಲ್ಲಿ ಹೆಬ್ಬೆಟ್ಟಿನ ಮೋಸಕ್ಕೆ ಅಗಾಧವಾದ ಗಣಿತವೇನೂ ಬೇಕಾಗಿರಲಿಲ್ಲ. ಬೆರಳಚ್ಚನ್ನು ಮರೆಮಾಡಬೇಕೆಂದು ಯಾರಿಗೂ ತೋಚದಿದ್ದುದೇ ಅದರ ಮೂಲ. ಎರಡನೆಯದಾಗಿ, ಭದ್ರತೆಯ ಹೆಸರಿನಲ್ಲಿ ಅಧಿಕಾರಿಗಳು ದಫ್ತರವನ್ನೇ ಪ್ರಜೆಗೆ ಮುಚ್ಚಿಬಿಡುವರೆಂಬ ಭಯವಿದೆ. ಈ ಭಯವು ನಿರಾಧಾರವಾದುದಲ್ಲ. ಹೊಸ ದತ್ತಾಂಶ ಶಾಸನದ 44ನೆಯ ಕಲಮು 2005ರ ಮಾಹಿತಿ ಹಕ್ಕಿನ ಕಾನೂನನ್ನು ತಿದ್ದಿ, ವೈಯಕ್ತಿಕ ಮಾಹಿತಿಯೆಂಬ ಒಂದೇ ಕಾರಣದಿಂದ ಉತ್ತರವನ್ನು ನಿರಾಕರಿಸಲು ಅವಕಾಶವನ್ನು ವಿಸ್ತರಿಸಿದೆ. ರೈತನ ಹೆಬ್ಬೆಟ್ಟನ್ನು ಕಳ್ಳನಿಂದ ಮರೆಮಾಡುವುದು ಕಾವಲು. ಅಧಿಕಾರಿಯ ಆಜ್ಞೆಯನ್ನು ರೈತನಿಂದ ಮರೆಮಾಡುವುದು ಕಳವಿಗೆ ಸಹಾಯ. ಇವೆರಡನ್ನೂ ವಿಂಗಡಿಸುವ ವಿವೇಕವು ಬರುವುದು ಈ ವಿದ್ಯೆಯನ್ನು ನಿಜವಾಗಿ ಕಲಿತವರಿಗೇ ಹೊರತು, ಹೆದರಿ ಬಾಗಿಲು ಹಾಕುವವರಿಗಲ್ಲ.

ಆದುದರಿಂದ ನಾವು ಸರ್ಕಾರದವರಲ್ಲಿಯೂ ವಿದ್ಯಾಸಂಸ್ಥೆಗಳವರಲ್ಲಿಯೂ ಕೆಲವು ಸೂಚನೆಗಳನ್ನು ಅರಿಕೆ ಮಾಡುತ್ತೇವೆ. ಹಾಸನದಲ್ಲಿ 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಇದೆ. ಈ ಸಂಸ್ಥೆಗಳ ಅಧ್ಯಾಪಕರ ನೆರವಿನಿಂದ ಪ್ರತಿ ತಾಲ್ಲೂಕಿನ ಕಂದಾಯ, ರಿಜಿಸ್ಟ್ರಿ, ಪೊಲೀಸು, ಪುರಸಭೆ, ಸಹಕಾರ ಬ್ಯಾಂಕುಗಳ ನೌಕರರಿಗೆ ಕೆಲವು ವಾರಗಳ ಒಂದು ವ್ಯಾಸಂಗವನ್ನು ಏರ್ಪಡಿಸಬೇಕು. ಆ ವ್ಯಾಸಂಗವು ಕನ್ನಡದಲ್ಲಿರಬೇಕು. ಪಹಣಿಯು ಕನ್ನಡದಲ್ಲಿರುವಾಗ ಪಹಣಿಯ ಕಾವಲನ್ನು ಪರಭಾಷೆಯಲ್ಲಿ ಮಾತ್ರ ಕಲಿಸುವುದು ಅರ್ಥವಿಲ್ಲದ ಮಾತು. ಮೊದಲನೆಯ ದರ್ಜೆಯ ಪದವೀಧರರು ಬೆಂಗಳೂರಿಗೂ ಹೊರದೇಶಗಳಿಗೂ ಹೋಗುವುದನ್ನು ನಾವು ತಡೆಯಲಾರೆವು; ಅರಸೀಕೆರೆಯಲ್ಲಿಯೇ ಉಳಿದು ವಕೀಲರಿಗೆ ಪ್ರಮಾಣಪತ್ರ ಬರೆದುಕೊಡುವ, ವರ್ತಕರ ಗಣಕವನ್ನು ಪರೀಕ್ಷಿಸುವ, ಸಂಘದ ಲೆಕ್ಕವನ್ನು ಕಾಯುವ ಯುವಕ ಯುವತಿಯರಿಗೆ ಗೌರವವಾದ ಜೀವನೋಪಾಯವು ಇದರಲ್ಲಿದೆಯೆಂಬುದನ್ನಾದರೂ ತೋರಿಸಿಕೊಡಬಹುದು. ಎರಡನೆಯದಾಗಿ, ಜಮಾಬಂದಿಯ ಜೊತೆಯಲ್ಲಿಯೇ ತಾಲ್ಲೂಕಿನ ಗಣಕಗಳ ಜಮಾಬಂದಿಯೂ ವರ್ಷಕ್ಕೊಮ್ಮೆ ನಡೆದು, ಅದರ ಸಾರಾಂಶವು ಪ್ರಕಟವಾಗಬೇಕು. ಮೂರನೆಯದಾಗಿ, ಭೂಸುರಕ್ಷಾ ಯೋಜನೆಯಲ್ಲಿ ತಹಶೀಲ್ದಾರರ ಕಚೇರಿಯ ಹಳೆಯ ಕಡತಗಳ ಕೋಟ್ಯಂತರ ಪುಟಗಳನ್ನು ಚಿತ್ರ ತೆಗೆದು ಯಂತ್ರಕ್ಕೇರಿಸುತ್ತಿರುವ ಈ ಕಾಲದಲ್ಲಿ, ಅವುಗಳಲ್ಲಿ ಯಾವುದನ್ನು ಯಾರಿಗೆ ತೋರಿಸಬೇಕು, ಯಾವುದನ್ನು ಮರೆಮಾಡಬೇಕೆಂಬುದನ್ನು ಈಗಲೇ ನಿಷ್ಕರ್ಷೆ ಮಾಡತಕ್ಕದ್ದು. ಕಾವೇರಿಯ ಕಥೆಯು ಮರುಕಳಿಸಿದರೆ ಕ್ಷಮೆಯಿಲ್ಲ.

ವಾಚಕ ಮಹಾಶಯರೂ ಸುಮ್ಮನೆ ಕುಳಿತಿರತಕ್ಕದ್ದಲ್ಲ. ಆಧಾರ್ ಪ್ರಾಧಿಕಾರದವರು ಬೆರಳಚ್ಚಿಗೆ ಬೀಗ ಹಾಕಿಸಿಕೊಳ್ಳುವ ಅನುಕೂಲವನ್ನು ಕೊಟ್ಟಿದ್ದಾರೆ. ಫೋನಿನಿಂದಲೂ ಆಗುತ್ತದೆ, ಆಧಾರ್ ಸೇವಾ ಕೇಂದ್ರದಲ್ಲಿಯೂ ಆಗುತ್ತದೆ. ಪತ್ರ ರಿಜಿಸ್ಟರು ಮಾಡಿಸಿದವರು ಇದನ್ನು ಮಾಡಿಸಿಕೊಳ್ಳುವುದು ಲೇಸು. ಹಣ ಹೋದರೆ ನಾಚಿಕೆಯಿಂದ ಬಚ್ಚಿಡದೆ ಆ ಕ್ಷಣವೇ 1930 ಎಂಬ ಸಂಖ್ಯೆಗೆ ಕರೆಮಾಡಬೇಕು. ಖಾತೆದಾರನ ತಪ್ಪಿಲ್ಲದೆ ಹೊರಗಿನವರಿಂದ ನಷ್ಟವಾದಲ್ಲಿ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದವನು ಆ ನಷ್ಟವನ್ನು ಹೊರಬೇಕಾಗಿಲ್ಲವೆಂದು ರಿಜರ್ವ್ ಬ್ಯಾಂಕಿನವರು 2017ರಲ್ಲಿಯೇ ವಿಧಿಸಿದರು. ಸಹಕಾರ ಬ್ಯಾಂಕುಗಳಿಗೂ ಅದೇ ವರ್ಷ ಇದನ್ನು ಅನ್ವಯಿಸಿದರು. ಈ ಒಂದು ಮಾತನ್ನು ಓದು ಬಾರದ ನೆರೆಯವರಿಗೆ ತಿಳಿಸಿದರೂ ವಿದ್ಯಾವಂತರು ತಮ್ಮ ಋಣವನ್ನು ಕೊಂಚ ತೀರಿಸಿದಂತಾಗುವುದು.

ಬೇಲೂರಿನ ಗುಡಿಯಲ್ಲಿ ಮದನಿಕೆಯರ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಕೆತ್ತಿದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಆ ರುಜುವು ಸುಮಾರು ಒಂಬತ್ತು ನೂರು ವರ್ಷಗಳಷ್ಟು ಹಳೆಯದಾಗಿತ್ತು, ಇಂದಿಗೂ ಓದಬಹುದು. ಕೆಲಸ ಮಾಡಿದವನು ಇಂಥವನೇ ಎಂದು ನಿಸ್ಸಂದೇಹವಾಗಿ ಹೇಳುವ ಗುರುತು ಅದು. ಹೆಸರು ಕೆತ್ತಲು ಬಾರದ ನಮ್ಮ ರೈತನಿಗೆ ಆ ಸ್ಥಾನದಲ್ಲಿರುವುದು ಅವನ ಹೆಬ್ಬೆಟ್ಟೊಂದೇ. ಅದನ್ನು ಅವನಿಂದ ಕೇಳಿ ಪಡೆದವರು ನಾವು, ಎಂದರೆ ನಮ್ಮ ಕಚೇರಿಗಳು. ಪಡೆದ ಮೇಲೆ ಕಾಯುವುದನ್ನು ಕಲಿಯಬೇಕಾದವರೂ ನಾವೇ.